ಕೆಟ್ಟ ಬಾವಿ, ಕೆಟ್ಟ ಮಣ್ಣು: ತೊಳೆಯುವ ಕಾನೂನು ಬಂದ ದಾರಿ

ಚರಿತ್ರೆ ಅಂದರೆ ರಾಜರ ಕತೆ, ಕೋಟೆ ಕತೆ ಅಂತಲೇ ನಾವೆಲ್ಲ ಶಾಲೆಯಲ್ಲಿ ಓದಿದ್ದು. ದಿಂಡಿಗಲ್ ಅಂದ ಕೂಡಲೇ ಮಕ್ಕಳು ಬಂಡೆ ಮೇಲಿನ ಕೋಟೆ, ಹೈದರಾಲಿ, ಟಿಪ್ಪು ಅಂತ ಹೇಳ್ತಾರೆ. ಕಂಬಂ ಕಣಿವೆ ಅಂದರೆ 1895ರಲ್ಲಿ ಪೆನ್ನಿಕ್ವಿಕ್ ದೊರೆ ಮುಗಿಸಿದ ಪೆರಿಯಾರ್ ಅಣೆ ಅಂತಾರೆ. ಎಲ್ಲಾ ಸರಿಯೇ. ಆದರೆ ಬಾವಿಗೂ ಒಂದು ಚರಿತ್ರೆ ಇದೆ, ಹೊಲದ ಮಣ್ಣಿಗೂ ಒಂದು ಚರಿತ್ರೆ ಇದೆ. ಅದನ್ನ ಬರೆದಿಡೋರು ಕಡಿಮೆ. ನಮ್ಮ ವಾಚನಾಲಯದ ಈ ಪುಸ್ತಕಕ್ಕೆ ನಾನು ಅದನ್ನೇ ಬರೆಯೋಣ ಅಂತ ಕೂತೆ.

ನಾನು ಏಳನೇ ಕ್ಲಾಸಿನವರೆಗೆ ಓದಿದವನು. ಬೇಸಾಯ ಮಾಡ್ತೀನಿ, ಮದುವೆ ಮನೆಯಲ್ಲಿ, ಹಬ್ಬದಲ್ಲಿ ಪದ ಹೇಳ್ತೀನಿ. ನಮ್ಮ ಹಿರೀಕರು ಕನ್ನಡ ನಾಡಿನಿಂದ ಈ ಕಡೆ ಬಂದು ನೆಲೆ ನಿಂತು ಎಷ್ಟೋ ತಲೆಮಾರು ಆಯ್ತು. ಮನೆ ಮಾತು ಕನ್ನಡ, ಬೀದಿ ಮಾತು ತಮಿಳು. ನಮ್ಮ ಮದುವೆ ಪದಗಳಲ್ಲಿ ಗಂಗೆ ಬರದ ಪದ ಇಲ್ಲ. ಬಾವಿಯಿಂದ ಗಂಗೆ ತಂದ ಮೇಲೇ ಮುಂದಿನ ಶಾಸ್ತ್ರ. ಬಾವಿ ಕೆಟ್ಟ ಊರಲ್ಲಿ ಆ ಶಾಸ್ತ್ರವನ್ನ ಎಲ್ಲಿ ಮಾಡೋದು? ಕೊಂಡು ತಂದ ಕೊಡದ ನೀರಿನಲ್ಲಿ ಮಾಡೋದನ್ನ ದಿಂಡಿಗಲ್ ಸುತ್ತಿನ ನಂಟರ ಮನೆಗಳಲ್ಲಿ ನಾನೇ ನೋಡಿದ್ದೀನಿ. ಅದಕ್ಕೇ ಈ ವಿಷಯ ನನಗೆ ದೂರದ್ದು ಅನ್ನಿಸಲ್ಲ.

ತೋಲ್ ಶಾಪಿನ ಕಾಲ

ದಿಂಡಿಗಲ್ಲಿನಲ್ಲಿ ತೊಗಲು ಹದ ಮಾಡೋ ಕಸುಬು ಬಹಳ ಹಳೇದು. ತೊಗಲು ಕಾರ್ಖಾನೆಗೆ ಆ ಕಡೆ ಜನ ತೋಲ್ ಶಾಪು ಅಂತಾರೆ. ಹಿಂದಿನ ಕಾಲದಲ್ಲಿ ಸುಣ್ಣ, ತಂಗಡಿ ಗಿಡದ ತೊಗಟೆ, ಅಣಲೆಕಾಯಿ ಹಾಕಿ ಹದ ಮಾಡ್ತಿದ್ರು. ಒಂದು ತೊಗಲು ಹದಕ್ಕೆ ಬರೋಕೆ ವಾರಗಟ್ಟಲೆ ಬೇಕು. ನಾತ ಇರ್ತಿತ್ತು, ಕೊಳೆ ನೀರೂ ಇರ್ತಿತ್ತು. ಆದರೆ ಕೆಲಸ ನಿಧಾನ, ಸರಕು ಕಡಿಮೆ.

1970ರ ದಶಕದಲ್ಲಿ ಇದು ಬದಲಾಯ್ತು. ಅರ್ಧ ಹದ ಮಾಡಿದ ತೊಗಲನ್ನ ಹೊರದೇಶಕ್ಕೆ ಕಳಿಸೋದು ನಿಲ್ಲಲಿ, ಪೂರ್ತಿ ತಯಾರಾದ ಚರ್ಮವನ್ನೇ ಕಳಿಸಲಿ, ಆಗ ದೇಶಕ್ಕೆ ಹೆಚ್ಚು ಕಾಸು ಬರುತ್ತೆ ಅಂತ 1972ರಲ್ಲಿ ಸೀತಾರಾಮಯ್ಯ ಸಮಿತಿ ಸರ್ಕಾರಕ್ಕೆ ಹೇಳ್ತು. ಸರ್ಕಾರ ಆ ದಾರಿ ಹಿಡೀತು. ಜಾಸ್ತಿ ಸರಕು, ಬೇಗ ಬೇಗ ಬೇಕಾಯ್ತು. ತೊಗಟೆಯ ಜಾಗಕ್ಕೆ ಕ್ರೋಮಿಯಂ ಉಪ್ಪು ಬಂತು. ವಾರಗಳ ಕೆಲಸ ಒಂದೆರಡು ದಿನಕ್ಕೆ ಇಳೀತು. ದೇಶಕ್ಕೆ ಡಾಲರು ಬಂತು, ಬಾವಿಗೆ ಉಪ್ಪು ಬಂತು.

ಉಪ್ಪು ಯಾಕೆ ಅಂತ ಕೇಳಬಹುದು. ಹಸಿ ತೊಗಲು ಕೊಳೀಬಾರದು ಅಂತ ಅದಕ್ಕೆ ಉಪ್ಪು ಮೆತ್ತಿ ಇಡ್ತಾರೆ. ಕಾರ್ಖಾನೆಗೆ ಬಂದ ಮೇಲೆ ಮೊದಲ ಕೆಲಸ ಆ ಉಪ್ಪು ತೊಳೆಯೋದು. ಆಮೇಲೆ ಸುಣ್ಣ, ಗಂಧಕದ ಆಸಿಡ್, ಕ್ರೋಮಿಯಂ, ಬಣ್ಣ. ಒಂದು ಕಿಲೋ ಚರ್ಮ ತಯಾರಾಗೋಕೆ ಸುಮಾರು 35 ಲೀಟರ್ ನೀರು ಬೇಕು ಅಂತ ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇ ಬರೆದಿದೆ. ಆ ನೀರೆಲ್ಲ ಹಳ್ಳಕ್ಕೆ, ಬಯಲಿಗೆ, ಕೊನೆಗೆ ನೆಲದೊಳಕ್ಕೆ ಹೋಯ್ತು.

ದಿಂಡಿಗಲ್ಲಿನ ನೆಲ ಹೆಸರಿಗೆ ತಕ್ಕ ಹಾಗೆ ಕಲ್ಲು ನೆಲ. ಕೊಡಗನಾರು ಹೊಳೆಯ ಮೇಲ್ದಂಡೆ ಅದು. ಅಲ್ಲಿ ಮರಳಿನಲ್ಲಿ ಹರಿಯೋ ಹಾಗೆ ನೀರು ಸಲೀಸಾಗಿ ಹರಿಯಲ್ಲ. ಬಂಡೆಯ ಬಿರುಕುಗಳಲ್ಲಿ, ಮೇಲಿನ ಸಡಿಲ ಮಣ್ಣಿನಲ್ಲಿ ನಿಂತು ಮೆಲ್ಲಗೆ ಜರುಗುತ್ತೆ. ಇಂಥ ನೆಲಕ್ಕೆ ಕೊಳೆ ಇಳಿಯೋದೂ ನಿಧಾನ, ಬಿಟ್ಟು ಹೋಗೋದು ಇನ್ನೂ ನಿಧಾನ. ನಿಮ್ಮ ತೋಟದಲ್ಲಿ ಒಂದು ಸಲ ಉಪ್ಪು ನೀರು ಕಟ್ಟಿದರೆ ಆ ಮಡಿ ಎಷ್ಟು ವರ್ಷ ಬಿಳಿಚಿಕೊಂಡಿರುತ್ತೆ ಅಂತ ಒಕ್ಕಲು ಮಕ್ಕಳಿಗೆ ಗೊತ್ತು. ಬಂಡೆಯ ಬಿರುಕಿನಲ್ಲೂ ಅದೇ ಲೆಕ್ಕ.

ಎಷ್ಟು ಬಾವಿ ಕೆಟ್ಟವು? ಪೀಸ್ ಮೆಂಬರ್ಸ್ ಅನ್ನೋ ಸಂಸ್ಥೆಯವರು ದಿಂಡಿಗಲ್ ಮತ್ತು ರೆಡ್ಡಿಯಾರ್‌ಛತ್ರಂ ಭಾಗದ 13 ಹಳ್ಳಿ ಸುತ್ತಿ ಎಣಿಸಿದರು. ಕುಡಿಯೋಕೆ, ಬೇಸಾಯಕ್ಕೆ ಬಳಸ್ತಿದ್ದ 467 ಬಾವಿಗಳಲ್ಲಿ 350 ಕೆಟ್ಟಿದ್ದವು. ಅಂದರೆ ನಾಲ್ಕರಲ್ಲಿ ಮೂರು. ಹೆಂಗಸರು, ಮಕ್ಕಳು ಕುಡಿಯೋ ನೀರಿಗೆ ಮೈಲಿಗಟ್ಟಲೆ ನಡೀಬೇಕಾಗಿದೆ ಅಂತಲೂ ಬರೆದರು. ಈ ಲೆಕ್ಕ ದಿಲ್ಲಿಯವರೆಗೆ ಹೋಯ್ತು.

1996ರ ತೀರ್ಪು

ಕಾನೂನು ಮೊದಲೇ ಇತ್ತು. 1974ರಲ್ಲಿ ನೀರಿನ ಕಾಯ್ದೆ ಬಂತು, 1986ರಲ್ಲಿ ಪರಿಸರ ಸಂರಕ್ಷಣೆ ಕಾಯ್ದೆ ಬಂತು. ಆದರೆ ಕಾಯ್ದೆ ಪುಸ್ತಕದಲ್ಲಿ ಇತ್ತು, ಕೊಳೆ ನೀರು ಹಳ್ಳದಲ್ಲಿ ಇತ್ತು. 1991ರಲ್ಲಿ ವೇಲೂರಿನ ನಾಗರಿಕರ ವೇದಿಕೆಯೊಂದು ಪಾಲಾರ್ ಹೊಳೆ ಕೆಟ್ಟದ್ದಕ್ಕೆ ಸುಪ್ರೀಂ ಕೋರ್ಟಿಗೆ ಹೋಯ್ತು. ಐದು ವರ್ಷ ನಡೆದು 1996ರ ಆಗಸ್ಟ್ 28ಕ್ಕೆ ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಕುಲದೀಪ್ ಸಿಂಗ್. ಮೊಕದ್ದಮೆಯ ಹೆಸರು ವೇಲೂರಿನದು. ಆದರೆ ಮೇಲೆ ಹೇಳಿದ 13 ಹಳ್ಳಿಯ ಬಾವಿ ಲೆಕ್ಕ ಆ ತೀರ್ಪಿನ ಒಳಗೆ ಇದೆ. ದಂಡ ಬಿದ್ದ ಐದು ಜಿಲ್ಲೆಗಳಲ್ಲಿ ಆಗ ದಿಂಡಿಗಲ್ ಅಣ್ಣಾ ಅಂತ ಕರೀತಿದ್ದ ಜಿಲ್ಲೆಯೂ ಒಂದು.

ಕೋರ್ಟು ಹೇಳಿದ ಮಾತುಗಳನ್ನ ನಮ್ಮ ಭಾಷೆಯಲ್ಲಿ ಹೀಗೆ ಹೇಳಬಹುದು. ಒಂದು, ಹಾನಿ ಆಗುತ್ತೆ ಅಂತ ಅನುಮಾನ ಇದ್ದರೆ ಪೂರ್ತಿ ರುಜುವಾತು ಬರಲಿ ಅಂತ ಕಾಯಬೇಡ, ಮೊದಲೇ ತಡೆ. ಎರಡು, ನನ್ನಿಂದ ಹಾನಿ ಇಲ್ಲ ಅಂತ ತೋರಿಸೋ ಹೊಣೆ ಕಾರ್ಖಾನೆಯವನದ್ದು. ಮೂರು, ಕೆಡಿಸಿದವನೇ ಕಾಸು ಕೊಡಬೇಕು. ಈ ಮೂರನೇ ಮಾತಿನಲ್ಲೇ ಇನ್ನೊಂದು ಮಾತು ಇದೆ. ಬೆಳೆ ಹೋದವನಿಗೆ, ಬಾವಿ ಹೋದವನಿಗೆ ಪರಿಹಾರ ಕೊಟ್ಟರೆ ಮುಗಿಯಲ್ಲ. ಕೆಟ್ಟ ನೆಲ, ಕೆಟ್ಟ ನೀರನ್ನ ಮೊದಲಿನ ಹಾಗೆ ಮಾಡೋ ಖರ್ಚೂ ಅವನದ್ದೇ.

ಪ್ರತಿ ತೋಲ್ ಶಾಪಿಗೆ 10,000 ರೂಪಾಯಿ ದಂಡ ಹಾಕಿದರು. 1996ರ ನವೆಂಬರ್ 30ರ ಒಳಗೆ ಕೊಳೆ ನೀರು ಶುದ್ಧಿ ಮಾಡೋ ಘಟಕ ಹಾಕಬೇಕು ಅಂದರು. ನಷ್ಟ ಅಳೆದು, ಯಾರಿಂದ ಎಷ್ಟು ವಸೂಲಿ, ಯಾರಿಗೆ ಎಷ್ಟು ಪರಿಹಾರ ಅಂತ ಗೊತ್ತು ಮಾಡೋಕೆ ಒಂದು ಪ್ರಾಧಿಕಾರ ಮಾಡಿ ಅಂದರು. ಕೇಂದ್ರ ಸರ್ಕಾರ ಸೆಪ್ಟೆಂಬರಿನಲ್ಲೇ ಆ ಪ್ರಾಧಿಕಾರ ಮಾಡ್ತು. ಅದು 2001ರಲ್ಲಿ ವೇಲೂರು ಭಾಗದ 29 ಸಾವಿರಕ್ಕೂ ಹೆಚ್ಚು ಬಾಧಿತರಿಗೆ ಸುಮಾರು 27 ಕೋಟಿ ರೂಪಾಯಿ ಪರಿಹಾರ ಗೊತ್ತು ಮಾಡ್ತು. ದಿಂಡಿಗಲ್ಲಿನಲ್ಲೂ ತೋಲ್ ಶಾಪುಗಳೆಲ್ಲ ಸೇರಿ ಬಳಸೋ ಶುದ್ಧೀಕರಣ ಘಟಕ ಬಂತು.

ಇಷ್ಟೆಲ್ಲ ಆಯ್ತು, ಬಾವಿ ತಿಳಿಯಾಯ್ತಾ? ಇಲ್ಲಿ ನಾವು ಎರಡು ಕೆಲಸವನ್ನ ಬೇರೆ ಬೇರೆ ಮಾಡಿ ನೋಡಬೇಕು. ಹೊಸ ಕೊಳೆ ಬರದ ಹಾಗೆ ತಡೆಯೋದು ಒಂದು ಕೆಲಸ. ಹಳೇ ಕೊಳೆ ತೆಗೆಯೋದು ಇನ್ನೊಂದು ಕೆಲಸ. ತೂತು ಬಿದ್ದ ಎಣ್ಣೆ ಡಬ್ಬಿಗೆ ಬೆಸುಗೆ ಹಾಕಿದರೆ ಎಣ್ಣೆ ಸೋರೋದು ನಿಲ್ಲುತ್ತೆ. ನೆಲಕ್ಕೆ ಇಳಿದ ಎಣ್ಣೆ ಎದ್ದು ಡಬ್ಬಿಗೆ ಬರಲ್ಲ. ಘಟಕ ಬಂದದ್ದು ಮೊದಲ ಕೆಲಸಕ್ಕೆ. ಎರಡನೇ ಕೆಲಸಕ್ಕೆ ಯಾವ ಅಳತೆ, ಯಾವ ಗಡುವು, ಯಾವ ಅಧಿಕಾರಿ ಅನ್ನೋ ನಿಯಮ ಇರಲಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದಿಂಡಿಗಲ್ಲಿನ ಬಾವಿ ನೀರನ್ನ ಪರೀಕ್ಷೆ ಮಾಡಿ, ಲೆಕ್ಕ ಹಾಕಿ ನೋಡಿದರು. ಅವರು ನೋಡಿದಾಗ ಅಲ್ಲಿ 80ಕ್ಕಿಂತ ಹೆಚ್ಚು ತೋಲ್ ಶಾಪು ನಡೀತಿದ್ದವು. ಬರೋ ಕೊಳೆಯನ್ನ ಅರ್ಧಕ್ಕೆ ಇಳಿಸಿದರೂ, 20 ವರ್ಷ ಕಳೆದ ಮೇಲೂ, ನೆಲದ ನೀರಿನ ಉಪ್ಪು ಅರ್ಧಕ್ಕೆ ಇಳಿಯಲ್ಲ ಅಂತ ಅವರ ಲೆಕ್ಕ ಹೇಳ್ತು. ಕುಡಿಯೋ ನೀರಿನಲ್ಲಿ ಕರಗಿದ ಉಪ್ಪು ಲೀಟರಿಗೆ 500 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ ಸಹಿಸಬಹುದು ಅಂತ ಭಾರತದ ಮಾನಕ ಇದೆ. ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು. ಮೇಷ್ಟ್ರುಗಳು ಈ ಅಂಕಿಗಳನ್ನ ಕಪ್ಪು ಹಲಗೆ ಮೇಲೆ ಬರೆಸಿದರೆ ಒಳ್ಳೇದು. ನೀರು ಪರೀಕ್ಷೆಯ ಚೀಟಿ ಕೈಗೆ ಬಂದಾಗ ಮಕ್ಕಳಿಗೆ ಓದೋಕೆ ಬರಬೇಕು.

ಕೋರ್ಟಿನ ತೀರ್ಪು ಬಂದ ಮೇಲೂ ತೊಳೆಯೋ ಕೆಲಸ ಹೇಗೆ ಎಳೆದಾಡುತ್ತೆ ಅನ್ನೋದಕ್ಕೆ ರಾಜಸ್ಥಾನದ ಬಿಛಡಿ ಹಳ್ಳಿ ಸಾಕ್ಷಿ. ಉದಯಪುರದ ಹತ್ತಿರ ಇದೆ. ಆಸಿಡ್ ಕಾರ್ಖಾನೆಗಳ ಕೊಳೆ ಅಲ್ಲಿನ ಬಾವಿ, ಮಣ್ಣು ಎರಡನ್ನೂ ಕೆಡಿಸಿತ್ತು. ಅದೇ 1996ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕೆಡಿಸಿದವರೇ ತೊಳೆಯೋ ಖರ್ಚು ಕೊಡಬೇಕು ಅಂತು. ಖರ್ಚು 37 ಕೋಟಿಗೂ ಹೆಚ್ಚು ಅಂತ ಲೆಕ್ಕ ಆಯ್ತು. ಕಾರ್ಖಾನೆಯವರು ಅರ್ಜಿ ಮೇಲೆ ಅರ್ಜಿ ಹಾಕಿ ಕಾಲ ತಳ್ಳಿದರು. 2011ರಲ್ಲಿ ಕೋರ್ಟು ಅವರಿಗೆ ಛೀಮಾರಿ ಹಾಕಿ, ಚಕ್ರಬಡ್ಡಿ ಸೇರಿಸಿ ಕಟ್ಟಿ ಅಂತು. ತೀರ್ಪು ಬಂದಾಗ ಹುಟ್ಟಿದ ಮಗು ಅಷ್ಟು ಹೊತ್ತಿಗೆ ಹೈಸ್ಕೂಲು ಮುಗಿಸೋ ವಯಸ್ಸಿಗೆ ಬಂದಿತ್ತು.

ಕೊಡೈ ಬೆಟ್ಟದ ಪಾದರಸ

ಇನ್ನೊಂದು ಕತೆ ಅದೇ ದಿಂಡಿಗಲ್ ಜಿಲ್ಲೆಯ ಬೆಟ್ಟದ ಮೇಲಿನದು. ಕೊಡೈಕನಾಲಿನಲ್ಲಿ ಜ್ವರ ನೋಡೋ ಥರ್ಮಾಮೀಟರ್ ಮಾಡೋ ಕಾರ್ಖಾನೆ ಇತ್ತು. 1980ರ ದಶಕದ ಶುರುವಿನಲ್ಲಿ ಪಾಂಡ್ಸ್ ಕಂಪನಿಯವರು ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್ ಅನ್ನೋ ಊರಿನಿಂದ ಹಳೇ ಯಂತ್ರಗಳನ್ನ ತಂದು ಹಾಕಿದರು. ಆಮೇಲೆ ಅದು ಹಿಂದೂಸ್ತಾನ್ ಲೀವರ್ ಕೈಗೆ ಬಂತು. ತಯಾರಾದ ಥರ್ಮಾಮೀಟರ್ ಹೊರದೇಶಕ್ಕೆ ಹೋಗ್ತಿತ್ತು, ಒಡೆದ ಗಾಜು ಇಲ್ಲೇ ಉಳೀತಿತ್ತು.

ಅದೇ ನ್ಯೂಯಾರ್ಕ್ ರಾಜ್ಯದ ಇನ್ನೊಂದು ಊರಿನ ಸಂಗತಿ ಇಲ್ಲಿ ಹೇಳಬೇಕು. ಲವ್ ಕೆನಾಲ್ ಅನ್ನೋ ಬಡಾವಣೆಯಲ್ಲಿ ಮನೆಗಳ ಕೆಳಗೆ ಹೂತಿದ್ದ ಕಾರ್ಖಾನೆ ವಿಷ ಮೇಲಕ್ಕೆ ಬಂದು 1978ರಲ್ಲಿ ದೊಡ್ಡ ಗಲಾಟೆ ಆಯ್ತು. ಅದಾದ ಮೇಲೆ 1980ರಲ್ಲಿ ಅಮೆರಿಕ ಒಂದು ಕಾನೂನು ಮಾಡ್ತು. ಕೆಟ್ಟ ಜಾಗಗಳನ್ನ ಪಟ್ಟಿ ಮಾಡು, ಕೆಡಿಸಿದವನನ್ನ ಹುಡುಕು, ಅವನಿಂದ ತೊಳೆಸು ಅನ್ನೋದು ಅದರ ಸಾರ. ನಮ್ಮ ದೇಶಕ್ಕೆ ಯಂತ್ರ ಬೇಗ ಬಂತು. ಅಂಥ ಕಾನೂನು ಬರೋಕೆ ಇನ್ನೂ 40 ವರ್ಷಕ್ಕಿಂತ ಹೆಚ್ಚು ಹಿಡೀತು.

2001ರ ಮಾರ್ಚಿನಲ್ಲಿ ಕೊಡೈಕನಾಲ್ ಪೇಟೆಯ ಮೂಂಜಿಕ್ಕಲ್ ಅನ್ನೋ ಕಡೆ ಗುಜರಿ ಅಂಗಡಿಯಲ್ಲಿ ಪಾದರಸ ಅಂಟಿದ ಒಡೆದ ಗಾಜು ಟನ್‌ಗಟ್ಟಲೆ ಸಿಕ್ತು. ಊರ ಜನ, ಪಳನಿ ಬೆಟ್ಟ ಸಂರಕ್ಷಣಾ ಮಂಡಳಿಯವರು, ಗ್ರೀನ್‌ಪೀಸ್ ಸಂಸ್ಥೆಯವರು ಸೇರಿ ಅದನ್ನ ಎಲ್ಲರಿಗೂ ತೋರಿಸಿದರು. ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ಪಾದರಸದ ಕಸವನ್ನ ಹಡಗಿನಲ್ಲಿ ಅಮೆರಿಕಕ್ಕೆ ವಾಪಸ್ ಕಳಿಸಿದರು. ಬಡ ದೇಶದ ಕಸ ಶ್ರೀಮಂತ ದೇಶಕ್ಕೆ ಹೋಗೋದು ಅಪರೂಪದ ಸಂಗತಿ.

ಆದರೆ ಮಣ್ಣಿನಲ್ಲಿ ಸೇರಿದ ಪಾದರಸ ಅಲ್ಲೇ ಉಳೀತು. ಕಾರ್ಖಾನೆಯ ಕೆಳಗೆ ಪಾಂಬಾರ್ ಶೋಲೆ ಕಾಡು. ಪಾಂಬಾರ್ ನೀರು ಇಳಿದು ಪೆರಿಯಕುಳಂ ಹತ್ತಿರದ ಕುಂಭಕ್ಕರೈ ಅಬ್ಬಿಗೆ, ಅಂದರೆ ನಮ್ಮ ತೇನಿ ಜಿಲ್ಲೆಗೆ ಬರುತ್ತೆ. ಅಬ್ಬಿ ನೀರಿನಲ್ಲಿ ಪಾದರಸ ಇದೆ ಅಂತ ನಾನು ಹೇಳ್ತಿಲ್ಲ, ನೀರಿನ ದಾರಿ ಹೇಳ್ತಿದ್ದೀನಿ. ಬೆಟ್ಟದ ಮೇಲಿನವರ ಮಣ್ಣು ಬೆಟ್ಟದ ಕೆಳಗಿನವರಿಗೂ ಸೇರಿದ್ದು. ಜಪಾನಿನ ಮಿನಮಾಟಾ ಊರಿನಲ್ಲಿ ಕಾರ್ಖಾನೆಯ ಪಾದರಸ ಸಮುದ್ರ ಸೇರಿ, ಮೀನಿನಲ್ಲಿ ಸೇರಿ, ತಿಂದವರ ನರ ಕೆಡಿಸಿದ್ದು 1956ರಲ್ಲಿ ಲೋಕಕ್ಕೆ ಗೊತ್ತಾಯ್ತು. 2013ರಲ್ಲಿ ದೇಶಗಳೆಲ್ಲ ಸೇರಿ ಮಾಡಿಕೊಂಡ ಪಾದರಸದ ಒಪ್ಪಂದಕ್ಕೆ ಆ ಊರಿನ ಹೆಸರನ್ನೇ ಇಟ್ಟರು.

ಮಣ್ಣು ತೊಳೆಯಬೇಕು ಅಂತ ಎಲ್ಲರೂ ಒಪ್ಪಿದರು. ಎಷ್ಟು ತೊಳೆದರೆ ತೊಳೆದ ಹಾಗೆ ಅನ್ನೋದರಲ್ಲಿ ಜಗಳ ಬಂತು. ಒಂದು ಕಿಲೋ ಮಣ್ಣಿನಲ್ಲಿ 20 ಮಿಲಿಗ್ರಾಂ ಪಾದರಸದವರೆಗೆ ಇಳಿಸಿದರೆ ಸಾಕು ಅಂತ ಇಲ್ಲಿ ಗೊತ್ತು ಮಾಡಿದರು. ಒಂದು ಟನ್ ಮಣ್ಣಿಗೆ 20 ಗ್ರಾಂ ಅಂತ ಲೆಕ್ಕ. ಬ್ರಿಟನ್ನಿನಲ್ಲಿ ಜನ ವಾಸ ಮಾಡೋ ಜಾಗಕ್ಕೆ ಕಿಲೋಗೆ 1 ಮಿಲಿಗ್ರಾಂ ಅನ್ನೋ ಅಳತೆ ಇದೆ, ಅಲ್ಲಿನವರ ಜೀವಕ್ಕೆ ಒಂದು ಬೆಲೆ, ನಮ್ಮವರಿಗೆ ಒಂದು ಬೆಲೆಯಾ ಅಂತ ಹೋರಾಟಗಾರರು ಕೇಳಿದರು. ಕಂಪನಿಯ ವಾದ ಬೇರೆ ಇತ್ತು. ಇನ್ನೂ ಆಳಕ್ಕೆ ಅಗೆದರೆ ಮರ ಕಡೀಬೇಕು, ಮಣ್ಣು ಕೊಚ್ಚಿಕೊಂಡು ಕಾಡಿಗೆ ಇಳಿಯುತ್ತೆ, ಲಾಭಕ್ಕಿಂತ ನಷ್ಟ ಹೆಚ್ಚು ಅಂದರು. ಬೆಟ್ಟದ ಇಳಿಜಾರಿನ ಮಣ್ಣು ಮಳೆಗೆ ಹೇಗೆ ಹೋಗುತ್ತೆ ಅಂತ ಗೊತ್ತಿರೋ ಒಕ್ಕಲಿಗ ಈ ಮಾತನ್ನ ಒಂದೇ ಏಟಿಗೆ ತಳ್ಳಿ ಹಾಕಲಾರ. ಆದರೆ ಅಳತೆ ಗೊತ್ತು ಮಾಡೋವಾಗ ಬೆಟ್ಟದ ಕೆಳಗಿನ ಊರಿನವರನ್ನೂ ಕೂರಿಸಿಕೊಂಡು ಮಾತಾಡಬೇಕು ಅನ್ನೋದು ನನ್ನ ಮಾತು. ನಿಯಮ ಇಲ್ಲದ ಕಡೆ ಪ್ರತಿ ಅಂಕಿಯೂ ಜಗಳ ಆಗುತ್ತೆ, ಪ್ರತಿ ಜಗಳಕ್ಕೂ ವರ್ಷಗಳು ಹೋಗ್ತವೆ.

ಪದ ಹೇಳೋನಾಗಿ ಇಲ್ಲಿ ಒಂದು ಮಾತು ಬರೀಲೇಬೇಕು. 2015ರಲ್ಲಿ ಚೆನ್ನೈನ ಸೋಫಿಯಾ ಅಶ್ರಫ್ ಅನ್ನೋ ಹುಡುಗಿ ಈ ಪಾದರಸದ ಮೇಲೆ ಒಂದು ಹಾಡು ಕಟ್ಟಿ ಹಾಡಿದಳು. ಮೊಬೈಲಿನಿಂದ ಮೊಬೈಲಿಗೆ ಹೋಗಿ ಲೋಕವೆಲ್ಲ ಕೇಳ್ತು. ಮುಂದಿನ ವರ್ಷ ಮಾರ್ಚಿನಲ್ಲಿ 591 ಮಂದಿ ಹಳೇ ಕಾರ್ಮಿಕರ ಜೊತೆ ಕಂಪನಿ ಒಪ್ಪಂದ ಮಾಡಿಕೊಳ್ತು. ಹಾಡೊಂದೇ ಮಾಡಿಸ್ತು ಅನ್ನಲ್ಲ. ಆ ಕಾರ್ಮಿಕರು 15 ವರ್ಷ ಬಿಡದೆ ಕೇಳಿದ್ದರು. ಆದರೆ ಕೇಳದವರ ಕಿವಿಗೂ ಮಾತು ಮುಟ್ಟಿಸೋ ಗುಣ ಪದಕ್ಕೆ ಇದೆ.

2025ರ ನಿಯಮ

ಕೊನೆಗೂ 2025ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ಹೊರಡಿಸ್ತು. ಕಲುಷಿತ ಸ್ಥಳಗಳ ನಿರ್ವಹಣೆ ನಿಯಮಗಳು ಅಂತ ಹೆಸರು, 1986ರ ಕಾಯ್ದೆಯ ಕೆಳಗೆ ಬಂದದ್ದು. ಆ ಹೊತ್ತಿಗೆ ದೇಶದಲ್ಲಿ ಗುರುತಿಸಿದ್ದ ಕೆಟ್ಟ ಜಾಗ 103. ಅದರಲ್ಲಿ ತೊಳೆಯೋ ಕೆಲಸ ಶುರುವಾಗಿದ್ದದ್ದು 7 ಕಡೆ.

ನಿಯಮದ ಹೆಜ್ಜೆಗಳು ಹೀಗಿವೆ. ಅನುಮಾನ ಇರೋ ಜಾಗಗಳ ಪಟ್ಟಿಯನ್ನ ಆರು ತಿಂಗಳಿಗೊಮ್ಮೆ ಜಿಲ್ಲಾಡಳಿತ ಕೊಡಬೇಕು. ಆ ಪಟ್ಟಿ ಬಂದ 90 ದಿನದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಮೊದಲ ಪರೀಕ್ಷೆ ಮಾಡಬೇಕು. ಅಲ್ಲಿಂದ ಮೂರು ತಿಂಗಳಲ್ಲಿ ವಿವರವಾಗಿ ಮಣ್ಣು, ನೀರು ತೆಗೆದು ನೋಡಬೇಕು. 189 ಬಗೆಯ ವಿಷ ವಸ್ತುಗಳಿಗೆ ಮಿತಿ ಇದೆ. ಮಿತಿ ದಾಟಿದ್ದರೆ ಆ ಜಾಗದ ಹೆಸರನ್ನ ಎಲ್ಲರಿಗೂ ತಿಳಿಯೋ ಹಾಗೆ ಪ್ರಕಟಿಸಿ, ಅಲ್ಲಿಗೆ ಜನ ಹೋಗದ ಹಾಗೆ ತಡೀಬೇಕು. ಪರಿಣತರ ಸಂಸ್ಥೆ ತೊಳೆಯೋ ಯೋಜನೆ ಮಾಡಬೇಕು. ಕೆಡಿಸಿದವರು ಯಾರು ಅಂತ 90 ದಿನದಲ್ಲಿ ಹುಡುಕಬೇಕು. ಅವರೇ ಖರ್ಚು ಕೊಡಬೇಕು. ಕೆಡಿಸಿದವರು ಸಿಗಲಿಲ್ಲ, ಇಲ್ಲ ಅವರಿಗೆ ಕೊಡೋ ಶಕ್ತಿ ಇಲ್ಲ ಅಂದರೆ ಕೇಂದ್ರ, ರಾಜ್ಯ ಸರ್ಕಾರಗಳು ಖರ್ಚು ಹೊರಬೇಕು.

ಗಣಿಯ ಕೊಳೆ, ಅಣು ಕಸ, ಊರ ಕಸದ ಗುಡ್ಡೆ ಇಂಥವು ಈ ನಿಯಮಕ್ಕೆ ಬರಲ್ಲ. ಅವಕ್ಕೆ ಬೇರೆ ಕಾನೂನು. ಇನ್ನೊಂದು ದೊಡ್ಡ ಕೊರತೆ ಇದೆ. ಪರೀಕ್ಷೆಗೆ ಗಡುವು ಇದೆ, ಕೆಡಿಸಿದವನನ್ನ ಹುಡುಕೋಕೆ ಗಡುವು ಇದೆ, ತೊಳೆದು ಮುಗಿಸೋಕೆ ಗಡುವು ಇಲ್ಲ. ಬಿಛಡಿ, ಕೊಡೈಕನಾಲ್ ಕತೆ ಕೇಳಿದ ಮೇಲೆ ಇದು ಸಣ್ಣ ಕೊರತೆ ಅಂತ ಯಾರೂ ಅನ್ನಲಾರರು.

ಶಾಲೆ ಮಕ್ಕಳಿಗೆ ನೆನಪಿರಲಿ ಅಂತ ಕೋಲಾಟದ ಮಟ್ಟಿಗೆ ನಾನೇ ನಾಲ್ಕು ಸಾಲು ಕಟ್ಟಿದ್ದೀನಿ:

ಆರು ತಿಂಗಳಿಗೊಂದು ಸಲ ಪಟ್ಟಿ ಬರೀಬೇಕು,
ತೊಂಬತ್ತು ದಿನದೊಳಗೆ ಮಣ್ಣು ನೀರು ನೋಡಬೇಕು,
ಕೆಡಿಸಿದವ ಯಾರು ಅಂತ ಹೆಸರು ಹೇಳಬೇಕು,
ತೊಳೆದು ಮುಗಿಸೋ ದಿನ ಯಾವುದಪ್ಪ, ನಾವು ಕೇಳಬೇಕು.

ಈ ನಿಯಮ ಶುರುವಾಗೋದೇ ಜಿಲ್ಲೆಯ ಪಟ್ಟಿಯಿಂದ. ಪಟ್ಟಿಯಲ್ಲಿ ಹೆಸರಿಲ್ಲದ ಬಾವಿಗೆ ಈ ಕಾನೂನು ಇಲ್ಲ. ಪಟ್ಟಿಗೆ ಹೆಸರು ಹೋಗಬೇಕಾದರೆ ಊರಿನವರು ಹೇಳಬೇಕು. 1996ರ ತೀರ್ಪಿಗೆ ಬಲ ಕೊಟ್ಟದ್ದು ಯಾರೋ 13 ಹಳ್ಳಿ ಸುತ್ತಿ 467 ಬಾವಿ ಎಣಿಸಿದ್ದು. ನಾವೂ ಎಣಿಸಬಹುದು. ನಮ್ಮ ರಾಜ್ಯದಲ್ಲಿ ಗ್ರಾಮಸಭೆ ವರ್ಷಕ್ಕೆ ಆರು ಸಲ ಕೂರುತ್ತೆ. ಅದರಲ್ಲಿ ಮಾರ್ಚ್ 22ರದ್ದು ನೀರಿನ ದಿನದ ಸಭೆ. ಊರಿನಲ್ಲಿ ಎಷ್ಟು ಬಾವಿ, ಎಷ್ಟು ಬೋರು, ಯಾವುದರ ನೀರು ಯಾವ ವರ್ಷದಿಂದ ಕೆಟ್ಟಿತು, ಪರೀಕ್ಷೆ ಚೀಟಿ ಏನು ಹೇಳುತ್ತೆ ಅಂತ ಒಂದು ನೋಟು ಪುಸ್ತಕದಲ್ಲಿ ಬರೆದು, ಆ ಸಭೆಯಲ್ಲಿ ಓದಿ, ಠರಾವು ಮಾಡಿಸಿ, ಸೋಮವಾರದ ಅಹವಾಲಿನ ದಿನ ಕಲೆಕ್ಟರ್ ಆಫೀಸಿಗೆ ಕೊಟ್ಟು ರಸೀದಿ ತಗೋಬೇಕು. ಆರು ತಿಂಗಳಾದ ಮೇಲೆ ಪಟ್ಟಿಯಲ್ಲಿ ನಮ್ಮೂರಿನ ಹೆಸರು ಬಂತಾ ಅಂತ ಕೇಳಬೇಕು.

ಮೇಷ್ಟ್ರುಗಳು ಮನಸ್ಸು ಮಾಡಿದರೆ ಎಂಟನೇ ಕ್ಲಾಸಿನ ಮಕ್ಕಳೇ ಈ ನೋಟು ಪುಸ್ತಕ ಬರೀತಾರೆ. ಒಂದು ಪ್ರತಿ ಶಾಲೆಯಲ್ಲಿ ಇರಲಿ, ಒಂದು ಪ್ರತಿ ನಮ್ಮ ವಾಚನಾಲಯದ ಬೀರುವಿನಲ್ಲಿ ಇರಲಿ. ಬಾವಿಯ ಹಳೇ ಸಂಗತಿ ಹೇಳೋಕೆ ನಮ್ಮಂಥ ವಯಸ್ಸಾದವರು ಇದ್ದೀವಿ. ಬಂದು ಕೇಳಿ, ಹೇಳ್ತೀವಿ.